ಮೊದಲ ಮಿಸುಕಾಟ ಮತ್ತು ನ್ಯಾಯಾಲಯ

1537ರ ಮೇ 27ರಂದು ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನಲ್ಲಿ ದೇವರಿಗೆ ಕೃತಜ್ಞತೆಯ ಸ್ತೋತ್ರ ಹಾಡಿಸಿದರು. ಎಂಟನೇ ಹೆನ್ರಿಯ ಮೂರನೇ ರಾಣಿ ಜೇನ್ ಸೀಮೋರ್‌ಳ ಹೊಟ್ಟೆಯಲ್ಲಿ ಮಗು ಮಿಸುಕಿತ್ತು, ಅದೇ ಕಾರಣ. ಮುಟ್ಟು ನಿಂತಾಗ ಹುಟ್ಟುವುದು ಆಸೆ ಮಾತ್ರ. ರಾಜ್ಯವೆಲ್ಲ ಸೇರಿ ಹಬ್ಬ ಮಾಡಲು ಬೇಕಾದ ಖಾತ್ರಿ ದೊರೆಯುತ್ತಿದ್ದದ್ದು ಮಿಸುಕಾಟದಿಂದ. ಅಕ್ಟೋಬರ್ 12ರಂದು ರಾಜಕುಮಾರ ಎಡ್ವರ್ಡ್ ಹುಟ್ಟಿದ. ಎರಡರ ನಡುವಿನ ಅಂತರ ಎಣಿಸಿದರೆ 138 ದಿನ, ಅಂದರೆ ಇಪ್ಪತ್ತು ವಾರಕ್ಕೆ ಎರಡೇ ದಿನ ಕಡಿಮೆ. ಚೊಚ್ಚಲ ಬಸುರಿಗೆ ಸಾಮಾನ್ಯವಾಗಿ 18ರಿಂದ 20ನೇ ವಾರದಲ್ಲಿ ಮಗು ಆಡುವುದು ತಿಳಿಯುತ್ತದೆ, ಮೊದಲೇ ಹೆತ್ತವಳಿಗೆ ಒಂದೆರಡು ವಾರ ಮುಂಚೆ, ಎನ್ನುವ ಈಗಿನ ವೈದ್ಯರ ಮಾತಿಗೆ ಆ ಲೆಕ್ಕ ಸರಿಯಾಗಿ ಹೊಂದುತ್ತದೆ. ರಾಣಿ ತನ್ನ ಮೈಯನ್ನು ಬಲ್ಲಳೆಂದು ಆ ರಾಜ್ಯ ನಂಬಿತ್ತು. ಆ ನಂಬಿಕೆ ಅರಮನೆಗೆ ಸೀಮಿತವಾಗಿರಲಿಲ್ಲ. ಇಂಗ್ಲೆಂಡಿನ ಕಾನೂನಿನೊಳಗೂ ಅದು ಶತಮಾನಗಳ ಕಾಲ ನಿಂತಿತ್ತು, ಅಲ್ಲಿಂದ ನಮ್ಮ ದಂಡಸಂಹಿತೆಗೂ ಬಂತು. ಹೆಂಗಸೊಬ್ಬಳು ತನ್ನ ಒಡಲೊಳಗೆ ಅರಿತದ್ದೇ ಸಾರ್ವಜನಿಕ ಸತ್ಯವಾಗಿ ನಡೆಯುತ್ತಿದ್ದ ಕಾಲ ಅದು. ಅದು ಹೇಗೆ ಮರೆಯಾಯಿತು ಎಂಬುದಕ್ಕೆ ‘ವಿಜ್ಞಾನ ಬೆಳೆಯಿತು’ ಎಂಬ ಉತ್ತರ ಸಾಲದು ಎಂಬುದೇ ಈ ಬರಹದ ವಾದ.

ಇಂಗ್ಲಿಷ್ ಕಾನೂನಿನಲ್ಲಿ ಈ ಮಿಸುಕಾಟಕ್ಕೆ ಎರಡು ಕೆಲಸವಿತ್ತು. ಮರಣದಂಡನೆಗೆ ಗುರಿಯಾದ ಹೆಂಗಸು ತಾನು ಬಸುರಿ ಎಂದು ಹೇಳಿಕೊಂಡರೆ, ನ್ಯಾಯಾಲಯವು ಹನ್ನೆರಡು ಮಂದಿ ಹೆಂಗಸರ ಪಂಚಾಯ್ತಿ ಕೂಡಿಸುತ್ತಿತ್ತು. ಹೆತ್ತು ಅನುಭವವಿದ್ದ ಗೃಹಿಣಿಯರು ಕೈದಿಯನ್ನು ಬೇರೆ ಕೋಣೆಗೆ ಕರೆದೊಯ್ದು, ಹೊಟ್ಟೆ ಮುಟ್ಟಿ, ಮೊಲೆ ನೋಡಿ, ಪ್ರಶ್ನೆ ಕೇಳಿ, ಮಗು ಮಿಸುಕುತ್ತಿದೆಯೋ ಇಲ್ಲವೋ ಎಂದು ಪ್ರಮಾಣ ಮಾಡಿ ಹೇಳಬೇಕು. ಹೌದೆಂದರೆ ಹೆರಿಗೆಯಾಗುವವರೆಗೆ ಗಲ್ಲು ಮುಂದಕ್ಕೆ. ಎಷ್ಟೋ ಸಲ ಆಮೇಲೆ ಕ್ಷಮಾದಾನವೂ ಸಿಗುತ್ತಿತ್ತು. 1720ರಲ್ಲಿ ಜಮೈಕಾದಲ್ಲಿ ಕಡಲುಗಳ್ಳತನಕ್ಕಾಗಿ ಗಲ್ಲಿಗೆ ಗುರಿಯಾದ ಆ್ಯನ್ ಬಾನಿ ಮತ್ತು ಮೇರಿ ರೀಡ್ ಆ ಹೊತ್ತಿಗೆ ಜೀವ ಉಳಿಸಿಕೊಂಡದ್ದು ಬಸುರಿನ ಮೊರೆಯಿಂದಲೇ. ಮಿಸುಕಾಟದ ಎರಡನೆಯ ಕೆಲಸ ಗರ್ಭಪಾತದ ವಿಷಯದ್ದು. ಮಿಸುಕಿದ ಮೇಲೆ ಗರ್ಭ ತೆಗೆಸುವುದು ಕೊಲೆಯಲ್ಲವಾದರೂ ಘೋರ ತಪ್ಪು ಎಂದು ಹದಿನೇಳನೇ ಶತಮಾನದಲ್ಲಿ ನ್ಯಾಯಶಾಸ್ತ್ರಜ್ಞ ಎಡ್ವರ್ಡ್ ಕೋಕ್ ಬರೆದ. ತಾಯಿಯ ಹೊಟ್ಟೆಯಲ್ಲಿ ಮಗು ಮಿಸುಕಬಲ್ಲ ಗಳಿಗೆಯಿಂದ ಕಾನೂನಿನ ಕಣ್ಣಿಗೆ ಜೀವ ಆರಂಭ ಎಂದು 1765ರಲ್ಲಿ ಕಾನೂನು ಪಂಡಿತ ಬ್ಲ್ಯಾಕ್‌ಸ್ಟೋನ್ ಹೇಳಿದ. 1803ರಲ್ಲಿ ಬಂದ ಲಾರ್ಡ್ ಎಲೆನ್‌ಬರೋನ ಕಾಯಿದೆ ಈ ಗೆರೆಯನ್ನು ಲಿಖಿತ ಶಾಸನಕ್ಕೆ ತಂದಿತು: ಮಿಸುಕಿದ ಮೇಲಿನ ಗರ್ಭಪಾತಕ್ಕೆ ಮರಣದಂಡನೆ, ಅದಕ್ಕೆ ಮುಂಚಿನದಕ್ಕೆ ಗಡೀಪಾರಿನಂಥ ಕಡಿಮೆ ಶಿಕ್ಷೆ.

ಈ ಗೆರೆ ಆತ್ಮದ ಬಗೆಗಿನ ಧರ್ಮಶಾಸ್ತ್ರದಿಂದ ಬಂದದ್ದಲ್ಲವೇ, ಇದರಲ್ಲಿ ಹೆಂಗಸಿನ ಅರಿವಿಗೆ ಏನು ಪಾತ್ರ ಎಂದು ಕೇಳಬಹುದು. ಆ ಶಾಸ್ತ್ರದ ನೆರಳು ಇದರ ಮೇಲಿದೆ, ನಿಜ. ಗಂಡುಮಗು ಸುಮಾರು ನಲವತ್ತನೇ ದಿನಕ್ಕೆ, ಹೆಣ್ಣುಮಗು ತೊಂಬತ್ತನೇ ದಿನಕ್ಕೆ ಚಲಿಸುತ್ತದೆ ಎಂದು ಅರಿಸ್ಟಾಟಲ್ ಬರೆದಿದ್ದ; ಗರ್ಭಕ್ಕೆ ಆತ್ಮ ಸೇರುವ ದಿನವನ್ನು ಯುರೋಪಿನ ಪಂಡಿತರು ಬಹುಕಾಲ ಇಂಥ ಲೆಕ್ಕದ ಮೇಲೆಯೇ ಕಟ್ಟಿದರು. ಆದರೆ ಆ ಲೆಕ್ಕಕ್ಕೂ ಬಸುರಿಯ ಅನುಭವಕ್ಕೂ ತಾಳೆಯಿಲ್ಲ. ನಲವತ್ತನೇ ದಿನಕ್ಕೆ ಯಾವ ತಾಯಿಗೂ ಏನೂ ತಿಳಿಯದು. ಭ್ರೂಣ ಏಳೆಂಟು ವಾರಕ್ಕೇ ಅಲುಗಾಡತೊಡಗಿದರೂ, ನೀರಿನ ಚೀಲದೊಳಗೆ ತೇಲುವ ಆ ಪುಟ್ಟ ಜೀವದ ಚಲನೆ ಗರ್ಭಕೋಶದ ಗೋಡೆ ದಾಟಿ ತಾಯಿಗೆ ಮುಟ್ಟಲು ಅರ್ಧ ಬಸುರು ಕಳೆಯಬೇಕು. ಮಾಸು ಹೊಟ್ಟೆಯ ಮುಂಭಾಗಕ್ಕೆ ಅಂಟಿದ್ದರೆ ಇನ್ನೂ ತಡ. ಪಂಡಿತರ ದಿನವನ್ನೇ ಕಾನೂನು ಹಿಡಿದಿದ್ದರೆ ನ್ಯಾಯಾಲಯಕ್ಕೆ ಪಂಚಾಂಗ ಸಾಕಿತ್ತು, ಹೆಂಗಸರ ಪಂಚಾಯ್ತಿ ಬೇಕಿರಲಿಲ್ಲ. ಕಾನೂನು ಮಿಸುಕಾಟವನ್ನು ಆಯ್ದುಕೊಂಡದ್ದು ಅದಕ್ಕೆ ಸಾಕ್ಷಿ ಹೇಳಬಲ್ಲವರು ಇದ್ದರೆಂಬ ಕಾರಣಕ್ಕೆ. ಮುಟ್ಟು ನಿಲ್ಲಲು ಹಸಿವೆ, ಕಾಯಿಲೆ, ದುಃಖ ಯಾವುದೂ ಕಾರಣವಾಗಬಹುದಾಗಿದ್ದ ಕಾಲದಲ್ಲಿ, ತಾನು ಬಸುರಿಯೋ ಅಲ್ಲವೋ ಎಂಬ ಅನುಮಾನ ಸ್ವತಃ ಹೆಂಗಸಿಗೂ ತೀರುತ್ತಿದ್ದದ್ದು ಆಗಲೇ.

ನಮ್ಮ ಹಳೆಯ ಗ್ರಂಥಗಳಲ್ಲೂ ಈ ಚಲನೆ ಗಡಿಯಾಗಿ ಕಾಣಿಸುತ್ತದೆ. ಗರ್ಭ ಚಲಿಸುವ ಮೊದಲು, ಎರಡನೆಯ ಅಥವಾ ಮೂರನೆಯ ತಿಂಗಳಲ್ಲಿ ಗಂಡುಮಗುವಿಗಾಗಿ ಪುಂಸವನ ಸಂಸ್ಕಾರ ಮಾಡಬೇಕೆಂದು ಪಾರಸ್ಕರ ಗೃಹ್ಯಸೂತ್ರ ವಿಧಿಸುತ್ತದೆ. ಮೂರನೇ ತಿಂಗಳಲ್ಲಿ ಇಂದ್ರಿಯಗಳು ಮೂಡುತ್ತಿದ್ದಂತೆ ಗರ್ಭ ಸ್ಪಂದಿಸುತ್ತದೆ, ಬಯಸುತ್ತದೆ ಎನ್ನುತ್ತದೆ ಚರಕಸಂಹಿತೆ. ಸುಶ್ರುತಸಂಹಿತೆ ಈ ಬಯಕೆಯನ್ನು ನಾಲ್ಕನೇ ತಿಂಗಳಿಗೆ ಇಟ್ಟು, ತಾಯಿಯನ್ನು ಎರಡು ಹೃದಯ ಉಳ್ಳವಳು ಎಂದು ಕರೆಯುತ್ತದೆ. ಬಸುರಿಯ ಬಯಕೆ ತೀರಿಸದಿದ್ದರೆ ಮಗುವಿಗೆ ಕುಂದು ಎಂದು ಕನ್ನಡದ ಮನೆಗಳಲ್ಲಿ ಇವತ್ತಿಗೂ ಹೇಳುವ ಮಾತಿನ ಬೇರು ಅಲ್ಲಿದೆ. ಆದರೆ ಇಲ್ಲಿಯೂ ಶಾಸ್ತ್ರದ ತಿಂಗಳು ತಾಯಿಗೆ ತಿಳಿಯುವ ತಿಂಗಳಿಗಿಂತ ಮುಂಚಿನದು. ಶಾಸ್ತ್ರಕಾರ ತನ್ನ ತರ್ಕದಿಂದ ತಿಂಗಳು ಗೊತ್ತುಮಾಡಿದ. ಸೂಲಗಿತ್ತಿ ಬಸುರಿಯನ್ನೇ ಕೇಳಿದಳು.

ಹೆಂಗಸಿನ ಮಾತನ್ನು ಹೀಗೆ ಎತ್ತಿಹಿಡಿಯುವುದು ಹಳೆಯ ಕಾಲವನ್ನು ಚೆಂದಗಾಣಿಸುವುದಾಗದೇ ಎಂಬ ಆಕ್ಷೇಪ ಹೆಚ್ಚು ಬಲವಾದದ್ದು. 1554ರ ನವೆಂಬರಿನಲ್ಲಿ ರಾಣಿ ಒಂದನೇ ಮೇರಿಗೂ ಮಗು ಮಿಸುಕಿತೆಂದು ಅದೇ ಸೇಂಟ್ ಪಾಲ್ಸ್‌ನಲ್ಲಿ ಸ್ತೋತ್ರ ಹಾಡಿಸಿದರು. ಮುಂದಿನ ಬೇಸಿಗೆಯೆಲ್ಲ ಕಾದರೂ ಮಗು ಹುಟ್ಟಲಿಲ್ಲ. ಇದಕ್ಕಿಂತ ಎದೆ ನಡುಗಿಸುವುದು ಮ್ಯಾಸಚೂಸೆಟ್ಸ್‌ನ ಬಾತ್‌ಷೀಬಾ ಸ್ಪೂನರ್‌ಳ ಕತೆ. ಗಂಡನ ಕೊಲೆಗೆ 1778ರಲ್ಲಿ ಶಿಕ್ಷೆಯಾದಾಗ ಆಕೆ ತಾನು ಬಸುರಿ, ಮಗು ಮಿಸುಕುತ್ತಿದೆ ಎಂದು ಮೊರೆಯಿಟ್ಟಳು. ಹನ್ನೆರಡು ಗೃಹಿಣಿಯರೂ ಇಬ್ಬರು ಗಂಡಸು ಸೂಲಗಾರರೂ ಪರೀಕ್ಷಿಸಿ ಇಲ್ಲವೆಂದರು. ಎರಡನೇ ಪರೀಕ್ಷೆಯಲ್ಲಿ ಕೆಲವರು ಹೌದೆಂದರೂ ಆಡಳಿತ ಕೇಳಲಿಲ್ಲ. ಜುಲೈ 2ರಂದು ಆಕೆಯನ್ನು ಗಲ್ಲಿಗೇರಿಸಿದರು. ಆಕೆಯ ಕೋರಿಕೆಯಂತೆ ದೇಹ ಕೊಯ್ದು ನೋಡಿದಾಗ ಒಳಗೆ ಐದು ತಿಂಗಳ ಗಂಡು ಭ್ರೂಣವಿತ್ತು. ಆ ಕೋಣೆಯಲ್ಲಿ ನಿಜ ಹೇಳಿದವಳು ಬಸುರಿ, ಅವಳನ್ನು ಸುಳ್ಳುಗಾತಿ ಮಾಡಿದವರಲ್ಲಿ ಹೆಂಗಸರೇ ಹೆಚ್ಚು. ಆದ್ದರಿಂದ ಪಂಚಾಯ್ತಿಯನ್ನು ಸ್ತ್ರೀಪರ ಸಂಸ್ಥೆ ಎನ್ನಲು ನಾನು ಸಿದ್ಧನಿಲ್ಲ. ಅದು ಪ್ರಭುತ್ವದ ಕೈಯೊಳಗಿನ ಸಲಕರಣೆ. ನನ್ನ ಮಾತು ಇಷ್ಟೇ: ಅಲ್ಲಿ ಕೇಳಿದ ಪ್ರಶ್ನೆ ಬಸುರಿಯ ಒಳಗಿನ ಅನುಭವದ ಬಗ್ಗೆ ಇತ್ತು, ಅದನ್ನು ತಿಳಿಯುವ ಯೋಗ್ಯತೆ ಹೆತ್ತವರಿಗೆ ಇದೆ ಎಂದು ಕಾನೂನು ಒಪ್ಪಿತ್ತು. ಸ್ಪೂನರ್‌ಳಿಗೆ ಅನ್ಯಾಯವಾದದ್ದು ಆಕೆಯ ಮಾತನ್ನು ನಂಬಿದ್ದರಿಂದಲ್ಲ, ನಂಬದೇ ಹೋದದ್ದರಿಂದ.

1837ರಲ್ಲಿ ಬ್ರಿಟಿಷ್ ಸಂಸತ್ತು ಗರ್ಭಪಾತದ ಕಾಯಿದೆಯಿಂದ ಮಿಸುಕಾಟದ ಭೇದವನ್ನು ಅಳಿಸಿತು. ವೈದ್ಯರಿಗೆ ಗರ್ಭವನ್ನು ಇನ್ನೂ ಬೇಗ ಪತ್ತೆಮಾಡುವ ಉಪಾಯ ಸಿಕ್ಕಿದ್ದರಿಂದ ಹೀಗಾಯಿತು ಎಂಬ ವಿವರಣೆ ಕಾಲಕ್ರಮದ ಮುಂದೆ ನಿಲ್ಲುವುದಿಲ್ಲ. ಲೆನೆಕ್ ಸ್ಟೆತಾಸ್ಕೋಪ್ ಕಂಡುಹಿಡಿದದ್ದು 1816ರಲ್ಲಿ. 1820ರ ದಶಕದ ಆರಂಭದಲ್ಲಿ ಕೆರ್ಗರಾಡೆಕ್ ಅದನ್ನು ಬಸುರಿಯ ಹೊಟ್ಟೆಯ ಮೇಲಿಟ್ಟು ಮಗುವಿನ ಎದೆಬಡಿತ ಕೇಳಿದ್ದನ್ನು ಪ್ರಕಟಿಸಿದ. ಆದರೆ ಆ ಕೊಳವೆಗೂ ಬಡಿತ ಕೇಳುವುದು ಹದಿನೆಂಟು ಇಪ್ಪತ್ತು ವಾರದ ಹೊತ್ತಿಗೆ, ತಾಯಿಗೆ ಮಿಸುಕಾಟ ತಿಳಿಯುವ ಹೊತ್ತಿಗೇ. ಮೂತ್ರದಿಂದ ಬಸುರನ್ನು ಬೇಗನೆ ಖಚಿತಪಡಿಸುವ ಆಶ್‌ಹೈಮ್–ಝೋಂಡೆಕ್ ಪರೀಕ್ಷೆ ಬಂದದ್ದು 1920ರ ದಶಕದ ಕೊನೆಗೆ, ಗರ್ಭದ ಚಿತ್ರ ತೋರುವ ಅಲ್ಟ್ರಾಸೌಂಡನ್ನು ಗ್ಲಾಸ್ಗೋದ ಇಯಾನ್ ಡೊನಾಲ್ಡ್ ತಂಡ ಪ್ರಕಟಿಸಿದ್ದು 1958ರಲ್ಲಿ. ಹಾಗಾಗಿ ಕಾನೂನು ಹೆಂಗಸಿನ ಸಾಕ್ಷ್ಯವನ್ನು ಕೈಬಿಟ್ಟಾಗ ಅದರ ಜಾಗದಲ್ಲಿ ಇಡಲು ಅದಕ್ಕಿಂತ ಉತ್ತಮವಾದ ಸಾಕ್ಷ್ಯ ಯಾರ ಬಳಿಯೂ ಇರಲಿಲ್ಲ. ಗರ್ಭದ ಬೆಳವಣಿಗೆ ಎಡೆಬಿಡದ್ದು, ನಡುವೆ ಗೆರೆ ಎಳೆಯುವುದು ತಪ್ಪು ಎಂಬ ವೈದ್ಯರ ತರ್ಕ ತನ್ನಷ್ಟಕ್ಕೆ ಸರಿ. ಆದರೆ ಆ ತರ್ಕದ ಜೊತೆಗೇ ಯಾರ ಮಾತು ನಡೆಯಬೇಕು ಎಂಬುದೂ ಬದಲಾಯಿತು. 1859ರಲ್ಲಿ ಅಮೆರಿಕದ ವೈದ್ಯಕೀಯ ಸಂಘವು ಹೊರೇಶಿಯೋ ಸ್ಟೋರರ್ ನೇತೃತ್ವದ ಸಮಿತಿಯ ವರದಿಯನ್ನು ಒಪ್ಪಿ, ಮಿಸುಕುವ ಮುನ್ನ ಮಗುವಿಗೆ ಜೀವವಿಲ್ಲವೆಂಬ ಹೆಂಗಸರ ತಿಳಿವಳಿಕೆಯನ್ನು ಅಜ್ಞಾನವೆಂದು ಸಾರಿತು. ತಾಯಂದಿರ ತಿಳಿವಳಿಕೆಗೆ ಆ ಹೆಸರು ಅಂಟಿದ ಮೇಲೆ ಅವರನ್ನು ಕೇಳುವ ಅಗತ್ಯವೂ ಕರಗಿತು. ಇಂಗ್ಲೆಂಡಿನಲ್ಲಿ 1879ರಲ್ಲಿ ಕೊಲೆಗೆ ಗಲ್ಲುಶಿಕ್ಷೆಯಾದ ಕೇಟ್ ವೆಬ್‌ಸ್ಟರ್‌ಳ ಮೊಕದ್ದಮೆಯಲ್ಲಿ ಗೃಹಿಣಿಯರ ಪಂಚಾಯ್ತಿ ಕೂಡಿತಾದರೂ ಅವರ ಪಕ್ಕದಲ್ಲಿ ವೈದ್ಯನಿದ್ದ. 1931ರ ಕಾಯಿದೆ ಬಸುರಿಯರಿಗೆ ಮರಣದಂಡನೆಯನ್ನೇ ತೆಗೆದು, ಆ ಪಂಚಾಯ್ತಿಯನ್ನೂ ಮುಗಿಸಿತು. ಬಸುರಿಗೆ ಗಲ್ಲು ಇಲ್ಲವಾದದ್ದು ದೊಡ್ಡ ಗಳಿಕೆ ಎಂಬುದರಲ್ಲಿ ಅನುಮಾನವಿಲ್ಲ.

ಇಂಗ್ಲೆಂಡ್ 1837ರಲ್ಲಿ ಬಿಟ್ಟ ಗೆರೆಯನ್ನು ಅದೇ ಇಂಗ್ಲೆಂಡಿನ ಆಳ್ವಿಕೆ 1860ರಲ್ಲಿ ಭಾರತಕ್ಕೆ ಕೊಟ್ಟಿತು. ಭಾರತೀಯ ದಂಡಸಂಹಿತೆಯ 312ನೇ ಕಲಮಿನಂತೆ ಗರ್ಭಪಾತ ಮಾಡಿಸಿದವರಿಗೆ ಮೂರು ವರ್ಷದವರೆಗೆ ಸೆರೆ, ಮಗು ಮಿಸುಕಿದ ಮೇಲಾದರೆ ಏಳು ವರ್ಷದವರೆಗೆ. ತಾನೇ ಗರ್ಭ ತೆಗೆದುಕೊಂಡ ಹೆಂಗಸೂ ಅದರೊಳಗೆ ಬರುತ್ತಿದ್ದಳು. ಹಳೆಯ ಮೈಸೂರಿನಿಂದ ಮುಂಬೈ ಕರ್ನಾಟಕದವರೆಗೆ ಪೊಲೀಸರೂ ವಕೀಲರೂ ಬಳಸಿದ್ದು ಈ ಕಲಮನ್ನೇ. ಇದರಲ್ಲೊಂದು ಕ್ರೂರ ತಿರುವಿದೆ: ಗೃಹಿಣಿಯರ ಪಂಚಾಯ್ತಿಯಲ್ಲಿ ಬಸುರಿಯ ಜೀವ ಕಾಯಲು ಬಳಕೆಯಾಗಿದ್ದ ಅರಿವು ಇಲ್ಲಿ ಅವಳ ಶಿಕ್ಷೆ ಹೆಚ್ಚಿಸಲು ಮಾತ್ರ ಉಳಿಯಿತು. 1971ರ ವೈದ್ಯಕೀಯ ಗರ್ಭಪಾತ ಕಾಯಿದೆ ವಾರಗಳನ್ನು ಎಣಿಸುತ್ತದೆ, 2021ರ ತಿದ್ದುಪಡಿ ಕೆಲವು ವರ್ಗದ ಹೆಂಗಸರಿಗೆ ಮಿತಿಯನ್ನು 24 ವಾರಕ್ಕೆ ಏರಿಸಿತು. ಎರಡರಲ್ಲೂ ಮಿಸುಕಾಟದ ಹೆಸರಿಲ್ಲ. ಆದರೂ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 88ನೇ ಕಲಮಿನಲ್ಲಿ ಹಳೆಯ ಭೇದ, ಹಳೆಯ ಮೂರು ಮತ್ತು ಏಳು ವರ್ಷಗಳೊಂದಿಗೆ, ಹಾಗೆಯೇ ಕೂತಿದೆ. ಹೆಂಗಸಿನ ಮಾತನ್ನು ಎಲ್ಲೂ ಕೇಳದ ಕಾನೂನು ಆ ಮಾತಿನಿಂದಲೇ ಹುಟ್ಟಿದ ಗೆರೆಯನ್ನು ಉಳಿಸಿಕೊಳ್ಳುವುದಕ್ಕೆ ಸಮರ್ಥನೆ ನನಗೆ ಕಾಣದು. ಅದನ್ನು ತೆಗೆಯಬೇಕು. ಆ ಅರಿವಿಗೆ ನಿಜವಾದ ಬೆಲೆ ಈಗ ಸಿಗುತ್ತಿರುವುದು ಆಸ್ಪತ್ರೆಯಲ್ಲಿ: ಏಳನೇ ತಿಂಗಳು ದಾಟಿದ ಬಸುರಿಗೆ ದಿನವೂ ಮಗುವಿನ ಒದೆತ ಎಣಿಸಲು ಹೇಳುತ್ತಾರೆ, ಆಟ ಕಡಿಮೆಯಾಯಿತೆಂದು ಆಕೆ ಹೇಳಿದರೆ ಅದೇ ದಿನ ಎದೆಬಡಿತದ ಪರೀಕ್ಷೆಗೆ ಕರೆಯುತ್ತಾರೆ. ಮನೆಯಲ್ಲಿ ಹಗಲಿರುಳೂ ಮಗುವಿನ ಇರವನ್ನು ಗಮನಿಸುವವರು ಆಕೆಯನ್ನು ಬಿಟ್ಟು ಬೇರೆ ಯಾರೂ ಇಲ್ಲ ಎಂಬುದನ್ನು ಅಲ್ಲಿನವರು ಬಲ್ಲರು.