ಗೇರ್ ಬದಲಿಸಿದ್ದು ಎಣ್ಣೆ!

1940ರ ಮಾಡೆಲ್ ಓಲ್ಡ್ಸ್‌ಮೊಬೀಲ್ ಕಾರಿಗೆ ಜನರಲ್ ಮೋಟಾರ್ಸ್ 'ಹೈಡ್ರಾ-ಮ್ಯಾಟಿಕ್' ಗೇರ್‌ಬಾಕ್ಸ್ ಕೊಟ್ಟಾಗ ಕ್ಲಚ್ ಪೆಡಲ್ಲೇ ಮಾಯ. ಕಂಪ್ಯೂಟರ್ ಎಲ್ಲಿತ್ತು ಆಗ? ಗೇರ್ ಯಾವಾಗ ಬದಲಾಗಬೇಕು ಅಂತ ಎಣ್ಣೆಯ ಒತ್ತಡವೇ ತೀರ್ಮಾನಿಸ್ತಿತ್ತು. ನಾವು ಬರೆಯೋ ಇಫ್-ಎಲ್ಸ್ ಎಲ್ಲಾ ಅಲ್ಲಿ ವಾಲ್ವು, ಸ್ಪ್ರಿಂಗು!

1964ರ ಟರ್ಬೊ ಹೈಡ್ರಾ-ಮ್ಯಾಟಿಕ್ 400ಕ್ಕೆ ಇಂಜಿನ್ ಮೇಲಿನ ಭಾರ ಎಷ್ಟು ಅಂತ ತಿಳಿಸೋದು ಒಂದು ವ್ಯಾಕ್ಯೂಮ್ ಪೈಪು, ಅದರ ತುದಿಯಲ್ಲೊಂದು ಮಾಡ್ಯುಲೇಟರ್. ಪೈಪು ಬಿರುಕು ಬಿಟ್ರೆ ವ್ಯಾಕ್ಯೂಮ್ ಇಳಿಯುತ್ತೆ. ಭಾರ ಹೆಚ್ಚಿದೆ ಅಂತ ಗೇರ್‌ಬಾಕ್ಸ್ ನಂಬಿ, ಗೇರನ್ನು ತಡವಾಗಿ, ಒದ್ದ ಹಾಗೆ ಬದಲಿಸುತ್ತೆ. ಪೈಪಿನೊಳಗೇ ಕೆಂಪು ಎಣ್ಣೆ ಕಂಡರೆ ಮಾಡ್ಯುಲೇಟರಿನ ಪೊರೆ ಹರಿದಿದೆ. ಆ ಎಣ್ಣೆಯನ್ನು ಹೀರಿದ ಇಂಜಿನ್ ಬಿಳಿ ಹೊಗೆ ಉಗುಳುತ್ತೆ. ಇಂಜಿನ್ನೇ ಹೋಯ್ತು ಅಂತ ಬಿಚ್ಚಿಸೋಕೆ ಹೊರಟರೆ ದುಡ್ಡು ದಂಡ. ಸ್ಕ್ಯಾನರ್‌ಗೆ ಇಲ್ಲಿ ಏನೂ ಸಿಗಲ್ಲ. ಡಿಪ್‌ಸ್ಟಿಕ್ ಎಳೆದು ಮೂಸಿ. ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಒಳಗಿನ ಕ್ಲಚ್ ಪ್ಲೇಟುಗಳು ಸುಟ್ಟಿರೋ ಸಾಧ್ಯತೆ ಹೆಚ್ಚು. ಗೇರ್‌ಬಾಕ್ಸ್ ಇಳಿಸೋ ಮಾತು ಆಮೇಲೆ.