ಲೆಕ್ಕಕ್ಕೆ ಸಿಕ್ಕವರು, ಹೆಸರಿಗೆ ಸಿಗದವರು

ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ಕೂಲಿ ಮನೆತನವೊಂದರ ಹಿರಿಯರನ್ನು ಹಳೆಯ ಜನಗಣತಿಯಲ್ಲಿ ಹುಡುಕಿದರೆ ಸಿಗುವುದು ಬರೀ ಅಂಕಿ. 1871ರಲ್ಲಿ ಮೈಸೂರು ಸಂಸ್ಥಾನದ ಜನ ಸುಮಾರು 50 ಲಕ್ಷ. 1881ರ ಗಣತಿಯಲ್ಲಿ 42 ಲಕ್ಷ. ನಡುವೆ 1876-78ರ ಬರಗಾಲ. ಸತ್ತವರಲ್ಲಿ, ಊರು ಬಿಟ್ಟವರಲ್ಲಿ ನಮ್ಮವರೆಷ್ಟು ಮಂದಿ? ಗಣತಿಯ ವರದಿಗಳು ಆಗಿನ ಕಡೂರು ಜಿಲ್ಲೆಯ, ಅಂದರೆ ಇಂದಿನ ಚಿಕ್ಕಮಗಳೂರಿನ, ಜಾತಿ ಕಸುಬುಗಳನ್ನು ಎಣಿಸುತ್ತವೆ. ಯಾರನ್ನೂ ಹೆಸರಿಡಿದು ಕರೆಯುವುದಿಲ್ಲ.

ಇಂಗ್ಲೆಂಡಿನ ಗಣಿ ಕೂಲಿಯ ವಂಶದವರಿಗೆ ಈ ಕಷ್ಟವಿಲ್ಲ. ಅಲ್ಲಿ 1881ರ ಮನೆವಾರು ಪುಸ್ತಕಗಳನ್ನು ಉಳಿಸಿಕೊಂಡು ನೂರು ವರ್ಷದ ನಂತರ ತೆರೆದರು: ಹೆಸರು, ವಯಸ್ಸು, ಹುಟ್ಟಿದೂರು ಎಲ್ಲವೂ ಉಂಟು. ಇಲ್ಲಿ ಲೆಕ್ಕ ಮುಗಿದ ಮೇಲೆ ಹಾಳೆಗಳನ್ನು ಉಳಿಸಲಿಲ್ಲ. 1948ರ ಜನಗಣತಿ ಕಾಯ್ದೆಯಂತೂ ಅವನ್ನು ಯಾರಿಗೂ ತೋರಿಸುವುದಿಲ್ಲ.

ತಾಲ್ಲೂಕು ಕಚೇರಿಯ ಪಹಣಿ ಜಮೀನಿದ್ದವರ ವಂಶಾವಳಿ. ಗುಂಟೆ ಭೂಮಿಯೂ ಇಲ್ಲದವರಿಗೆ ನನಗೆ ಕಂಡ ದಾರಿ ಹಳ್ಳಿಶಾಲೆಯ ದಾಖಲಾತಿ ಪುಸ್ತಕ. ನಮ್ಮಜ್ಜನ ಹೆಸರಿನ ಪಕ್ಕ ಅವನಪ್ಪನ ಹೆಸರಿದೆ, ಕಸುಬಿನ ಕಾಲಮ್ಮಿನಲ್ಲಿ ‘ಕೂಲಿ’ ಎಂದಿದೆ. ಅಜ್ಜಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅವಳ ತಾಯಿಯ ಹೆಸರು ಸೋದರತ್ತೆಯ ಬಾಯಲ್ಲಷ್ಟೇ ಇತ್ತು, ಬರೆದುಕೊಂಡೆ.