ಮೂರು ಲಾರ್ಯಾಗ ಊರಿಗೆ ಬಂದ ವಿಮಾನ

ನಮ್ಮವ್ವನ ಹೊಲಿಗಿ ಮಶೀನು ಗುಜರಿಯವಗ ಹೋಗಿದ್ದು ನಿಮಗೆಲ್ಲಾ ಗೊತ್ತದ. "ಸುಮ್ನ ಜಾಗಾ ಹಿಡದದ, ತಗೀರಿ ಅತ್ತ" ಅಂದಾಕಿ ನಾನ. ಈಗ ನೆನಸಿದ್ರ ಹೊಟ್ಟ್ಯಾಗ ಚುರ್ ಅಂತದ. ಅದಕ್ಕ ಇವತ್ತ, ಹಂಗ ಮೂಲ್ಯಾಗ ಜಾಗಾ ಹಿಡದು ಕೂತಿದ್ದ ಒಂದು ವಿಮಾನದ ಕಥಿ ಹೇಳ್ತೀನಿ.

ಡಕೋಟಾ ಅಂತ ಅದರ ಹೆಸರು. ಅಮೆರಿಕಾದ ಡಗ್ಲಾಸ್ ಕಂಪನಿ ಮಾಡಿದ ಡಿಸಿ-3 ಮೊದಲ ಹಾರಿದ್ದು 1935ರ ಡಿಸೆಂಬರ್ 17ಕ್ಕ. ಎರಡು ಎಂಜಿನ್, ಎರಡು ಪಂಖಾ. ಬಾಲದ ಕೆಳಗ ಸಣ್ಣ ಗಾಲಿ ಇರೋದ್ರಿಂದ ನೆಲದ ಮ್ಯಾಲೆ ನಿಂತಾಗ ಮೂತಿ ಮ್ಯಾಲೆತ್ತಿ ಕೂತಂಗ ಕಾಣ್ತದ. ಎರಡನೇ ಮಹಾಯುದ್ಧದಾಗ ಸೈನ್ಯಕ್ಕಂತ ಇವನ್ನ ಸಾವಿರಗಟ್ಟಲೆ ಮಾಡಿದ್ರು. ಯುದ್ಧ ಮುಗದ ಮ್ಯಾಲೆ ಉಳದವು ಮಾರಾಟಕ್ಕ ಬಂದ್ವು. ಒಡಿಶಾದ ಬಿಜು ಪಟ್ನಾಯಕರು ಡಕೋಟಾಗಳನ್ನ ಇಟಗೊಂಡು ಕಳಿಂಗ ಏರ್‌ಲೈನ್ಸ್ ನಡಸಿದ್ರು.

1947ರ ಜುಲೈದಾಗ ಡಚ್ಚರು ಇಂಡೋನೇಶಿಯಾದ ಹೊಸಾ ಗಣರಾಜ್ಯದ ಮ್ಯಾಲೆ ದಂಡೆತ್ತಿ ಹೋದ್ರು. ನೆಹರೂ ಅವರ ಮಾತಿನಂಗ ಬಿಜು ಡಕೋಟಾ ತಗೊಂಡು ಜಾವಾಕ್ಕ ಹಾರಿದ್ರು. ಡಚ್ಚರ ಕಣ್ಣು ತಪ್ಪಿಸಿ, ಅಲ್ಲಿಯ ಮಾಜಿ ಪ್ರಧಾನಿ ಸುತಾನ್ ಶಹ್ರೀರ್ ಅವರನ್ನ ಕರಕೊಂಡು ಬಂದ್ರು. ಮುಂದಿನ ತಿಂಗಳನ ಶಹ್ರೀರ್ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಮುಂದ ನಿಂತು ತಮ್ಮ ದೇಶದ ಪರವಾಗಿ ಮಾತಾಡಿದ್ರು.

ಈ ಕಥಿ ಹೇಳೋ ಮುಂದ ಭಾಳ ಮಂದಿ ಒಂದು ಹೆಸರು ಮರೀತಾರ. ಆ ಪ್ರಯಾಣದಾಗ ಬಿಜು ಅವರ ಹೆಂಡತಿ ಜ್ಞಾನ್ ಪಟ್ನಾಯಕರೂ ಜೋಡಿ ಹೋಗಿದ್ರು. ಸುಮ್ನ ಕೂತು ಹೋದಾಕಿ ಅಲ್ಲ, ತಾನೂ ವಿಮಾನ ಹಾರಸಲಿಕ್ಕೆ ಕಲತಾಕಿ!

ಮುಂದ ಜೆಟ್ ಕಾಲ ಬಂತು, ಡಕೋಟಾಗಳು ಹಿಂದ ಬಿದ್ದ್ವು. ಕಳಿಂಗದ್ದೊಂದು ಡಕೋಟಾ, ವಿಟಿ-ಎಯುಐ ನಂಬರಿಂದು, ಕೋಲ್ಕತ್ತಾ ವಿಮಾನ ನಿಲ್ದಾಣದಾಗ ವರ್ಷಾನುಗಟ್ಟಲೆ ಮಳಿ-ಬಿಸಲು ತಿಂತ ಬಿದ್ದಿತ್ತು. ಕಡೀಕ 2023ರ ಜನವರಿಯೊಳಗ ಅದರ ರೆಕ್ಕಿ, ಬಾಲ ಎಲ್ಲಾ ಬಿಚ್ಚಿ, ಮೂರು ಲಾರ್ಯಾಗ ಹೇರಿ ಭುವನೇಶ್ವರಕ್ಕ ತಂದ್ರು. ತುದಿಯಿಂದ ತುದಿಗೆ 95 ಅಡಿ ರೆಕ್ಕಿ ಇರೋ ವಿಮಾನ, ರಸ್ತಾದ ಮ್ಯಾಲೆ ತುಂಡು ತುಂಡಾಗಿ ಊರಿಗೆ ಬಂತು. ಮತ್ತ ಜೋಡಿಸಿ, ಬಣ್ಣಾ ಹಚ್ಚಿ, ಬಿಜು ಅವರ ಹೆಸರಿನ ವಿಮಾನ ನಿಲ್ದಾಣದಾಗನ ನಿಲ್ಲಿಸಿದ್ರು. ಇನ್ನ ಅದು ಹಾರೂದಿಲ್ಲ. ಆದ್ರ ಅದನ್ನ ನೋಡಿದ ಹುಡುಗೂರು "ಇದು ಏನು ಮಾಡ್ತಿತ್ತು?" ಅಂತ ಕೇಳ್ತಾವಲ್ಲ, ಅಷ್ಟ ಸಾಕು.

ಪುರಿ ಜಗನ್ನಾಥನ ದರ್ಶನಕ್ಕ ಹೋದವರು ಆ ಹುಡುಗೂರಿಗೆ ಜ್ಞಾನ್ ಅವರ ಹೆಸರೂ ಹೇಳ್ರಿ. ಮತ್ತ ನಿಮ್ಮ ಮನ್ಯಾಗ ಮೂಲ್ಯಾಗ ಹಳೇದು ಏನರ ಇದ್ರ, ಗುಜರಿಯವನ್ನ ಕರಿಯೋಕಿಂತ ಮೊದಲ, ಅದು ಯಾರ ಕೈಯಾಗ ದುಡದದ್ದು ಅಂತ ಹಿರ್ಯಾರನ್ನ ಒಂದು ಮಾತು ಕೇಳ್ರಿ. ನಾ ಕೇಳಲಿಲ್ಲ.